ತಪ್ಪು ಹೇಳಿದವರಿಗೂ ಒಂದು ಬೊಗಸೆ

ಕಪಿಲೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ಒಂದು ಹೆಂಚಿನ ಮನೆ, ಒಂದು ಹೊಂಗೆಮರ, ನದಿಗೆ ಇಳಿಯಲು ಕಲ್ಲಿನ ಮೆಟ್ಟಿಲು, ಅಷ್ಟೆ. ಮನಸ್ಸು ನೊಂದವರು ಅಲ್ಲಿಗೆ ಬರುತ್ತಿದ್ದರು.

ಗುರು ನಾಗಲಿಂಗಯ್ಯನವರು ಔಷಧಿ ಕೊಡುತ್ತಿರಲಿಲ್ಲ, ತಾಯತ ಕಟ್ಟುತ್ತಿರಲಿಲ್ಲ. ಬಂದವರ ಎದುರು ಕೂರುತ್ತಿದ್ದರು.

ಕೂರುವ ಮೊದಲು ಮಾತ್ರ ಒಂದು ಪದ್ಧತಿಯನ್ನು ತಪ್ಪಿಸುತ್ತಿರಲಿಲ್ಲ. ನದಿಗೆ ಇಳಿದು, ಮನಸ್ಸನ್ನು ಹುಡುಕಿಕೊಂಡು ಹೋದ ಹಿರಿಯರಿಗೆ ಒಬ್ಬೊಬ್ಬರಿಗೂ ಒಂದೊಂದು ಬೊಗಸೆ ನೀರು ಬಿಡುತ್ತಿದ್ದರು. ಮೊದಲ ಬೊಗಸೆ ನಮ್ಮ ನೆಲದ ಋಷಿಗಳಿಗೆ. ಆಮೇಲೆ ಕಡಲಾಚೆಯವರಿಗೆ.

ಕಡಲಾಚೆಯ ಹೆಸರುಗಳಿಗೆ ಗುರುಗಳ ನಾಲಿಗೆ ಹೊರಳುತ್ತಿರಲಿಲ್ಲ. ಆದ್ದರಿಂದ ಅವರವರು ಮಾಡಿದ ಕೆಲಸ ಹೇಳಿ ಕರೆಯುತ್ತಿದ್ದರು.

“ಗಡಿಯಾರ ಹಿಡಿದು ಮನಸ್ಸನ್ನು ಅಳೆದ ಅಯ್ಯನಿಗೆ.”

“ಗಂಟೆ ಬಾರಿಸಿ ನಾಯಿಯ ಬಾಯಲ್ಲಿ ನೀರೂರಿಸಿದ ಅಯ್ಯನಿಗೆ.”

“ಮಂಚದ ಮೇಲೆ ಮಲಗಿಸಿ ಕಥೆ ಕೇಳಿದ ಅಯ್ಯನಿಗೆ.”

ದಡದಲ್ಲಿ ಬಟ್ಟೆ ಒಗೆಯುವವರಿಗೆ ಇದನ್ನು ಕೇಳಿ ನಗು ಬರುತ್ತಿತ್ತು. ಗುರುಗಳಿಗೆ ಬರುತ್ತಿರಲಿಲ್ಲ.

ಅವರ ಶಿಷ್ಯೆ ಕಾತ್ಯಾಯಿನಿ. ಪಟ್ಟಣದಲ್ಲಿ ಮನಃಶಾಸ್ತ್ರ ಓದಿ ಬಂದವಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಗುರುಗಳ ಪಕ್ಕದಲ್ಲಿ ಕೂತು ಕೇಳುವುದಷ್ಟೇ ಇಷ್ಟು ಕಾಲವೂ ಅವಳ ಕೆಲಸವಾಗಿತ್ತು.

ಒಂದು ಬೆಳಿಗ್ಗೆ ಗುರುಗಳು ಹೇಳಿದರು: “ಇವತ್ತು ಬರುವವರ ಎದುರು ನೀನೇ ಕೂರು.”

ಅವಳ ಸಂತೋಷ ಹೇಳತೀರದು. ಓಡಿಹೋಗಿ ನದಿಗಿಳಿದಳು, ಅಷ್ಟೇ ಬೇಗ ಓಡಿಬಂದಳು.

“ನೀರು ಬಿಟ್ಟೆಯಾ?”

“ಬಿಟ್ಟೆ, ಗುರುಗಳೇ.”

“ಎಲ್ಲರಿಗೂ?”

“ಸರಿಯಾಗಿ ಹೇಳಿದವರಿಗೆಲ್ಲ ಬಿಟ್ಟೆ.”

ಗುರುಗಳು ಅವಳ ಮುಖ ನೋಡಿದರು. “ಉಳಿದವರು?”

“ಉಳಿದವರು ಹೇಳಿದ್ದು ತಪ್ಪು ಅಂತ ಆಮೇಲೆ ಬಂದವರೇ ತೋರಿಸಿದಾರಲ್ಲ ಗುರುಗಳೇ! ಗಡಿಯಾರದವರು ಮನಸ್ಸನ್ನ ಚೂರುಚೂರು ಮಾಡಿ ಎಣಿಸೋಕೆ ಹೋದರು. ಮಂಚದವರು ಎಲ್ಲಕ್ಕೂ ಬಾಲ್ಯವೇ ಕಾರಣ, ಒಳಗೆ ಹೂತಿಟ್ಟ ಆಸೆಯೇ ಕಾರಣ ಅಂದರು. ಅರ್ಧಕ್ಕರ್ಧ ಕಟ್ಟುಕಥೆ. ಗಂಟೆಯವರ ಹಿಂದೆ ಬಂದ ವರ್ತನವಾದಿಗಳಂತೂ ಮನಸ್ಸು ಅನ್ನೋದರ ಮಾತೇ ಬೇಡ, ಕಣ್ಣಿಗೆ ಕಾಣೋ ನಡತೆ ಮಾತ್ರ ನಿಜ ಅಂದುಬಿಟ್ಟರು. ಮನಸ್ಸನ್ನೇ ಬೇಡ ಅಂದವರಿಗೆ ಮನಸ್ಸಿನ ಆಶ್ರಮದಲ್ಲಿ ನೀರು ಬಿಡಬೇಕಾ?”

“ಮತ್ತೆ ಯಾರಿಗೆ ಬಿಟ್ಟೆ?”

“ಋಷಿಗಳಿಗೆ. ಆಮೇಲೆ, ಯೋಚನೆಯನ್ನ ತಿದ್ದಿದರೆ ಸಂಕಟ ತಾನಾಗಿ ಕಡಿಮೆಯಾಗುತ್ತೆ ಅಂದವರಿಗೆ. ಈಗ ಉಳಿದಿರೋದು ಅವರ ಮಾತೇ.”

“ಸರಿ. ಹೋಗಿ ಕೂರು” ಎಂದರು ಗುರುಗಳು. ಅವರಿಗೆ ಸಿಟ್ಟು ಬಂದಂತೆಯೂ ಕಾಣಲಿಲ್ಲ.

ಅಂದು ಬಂದವನು ಮಾದನಾಯ್ಕ, ಹರಿಗೋಲು ನಡೆಸುವವನು. ಬಂದವನು ಅನ್ನುವುದಕ್ಕಿಂತ ಹೆಂಡತಿ ದೇವೀರಮ್ಮ ಕೈಹಿಡಿದು ಕರೆತಂದಳು ಅನ್ನಬೇಕು. ಅವನು ನದಿಗೆ ಬೆನ್ನು ಹಾಕಿಯೇ ಕೂತ.

ದೇವೀರಮ್ಮ ಹೇಳಿದಳು: “ಹೋದ ಮಳೇಲಿ ಹರಿಗೋಲು ಮಗುಚ್ಕತು ಕಣವ್ವ. ಇವರು ಬದುಕುದ್ರು. ಇವರ ತಮ್ಮ ಕರಿಯ ಹೊಂಟೋದ. ಅವತ್ತಿಂದ ನೀರಿಗೆ ಕಾಲಿಡಾಕಿಲ್ಲ. ಕರಿಯನ ಹೆಂಡ್ತಿ ಚೆಲುವಿ ಆಚೆ ದಡದಲ್ಲಿ ಒಬ್ಳೇ ಅವ್ಳೆ. ಬಾವ ಒಂದ್ಸಲನಾದ್ರೂ ಬಂದು ಮೊಕ ತೋರ್ಸ್ಲಿ ಅಂತ ಹೇಳ್ಕಳಿಸ್ತಾನೇ ಅವ್ಳೆ. ಸುತ್ತಾಕ್ಕೊಂಡು ಸೇತುವೆ ಮ್ಯಾಲಾದ್ರೂ ಹೋಗಿ ಅಂದ್ರೆ ಅದಕ್ಕೂ ಒಲ್ಲರು.”

ಕಾತ್ಯಾಯಿನಿ ಮಾದನಾಯ್ಕನ ಎದುರು ಕೂತಳು. ಚೆನ್ನಾಗಿ ಮಾತಾಡಿದಳು. ಎಷ್ಟು ಮಳೆಗಾಲ ಹರಿಗೋಲು ನಡೆಸಿದಿರಿ, ಎಷ್ಟು ಸಲ ಮಗುಚಿತು, ನಿಮಗೆ ಈಜು ಬರುತ್ತೆ ತಾನೆ, ಈಗ ದಡದ ಹತ್ತಿರ ನೀರು ಮೊಣಕಾಲುದ್ದವೇ ಇದೆ ತಾನೆ ಎಂದು ಒಂದೊಂದಾಗಿ ಕೇಳಿದಳು. ಅವನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ, ಎಲ್ಲವನ್ನೂ ಒಪ್ಪಿದ.

“ಅಂದಮೇಲೆ ಭಯಕ್ಕೆ ಕಾರಣವೇ ಇಲ್ಲ ಅಂತ ಗೊತ್ತಾಯ್ತಲ್ಲ, ಮಾದಣ್ಣ?”

“ನಂಗೆ ಗೊತ್ತು ಕಣವ್ವ” ಎಂದ ಮಾದನಾಯ್ಕ. “ಕಾಲ್ಗೆ ಗೊತ್ತಿಲ್ಲ.”

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ಅವನು ಅವಳ ಮಾತನ್ನೆಲ್ಲ ಒಪ್ಪುತ್ತಿದ್ದ, ಮೆಟ್ಟಿಲ ಹತ್ತಿರ ಬಂದರೆ ಗಡಗಡ ನಡುಗುತ್ತಿದ್ದ.

ಅವಳು ಗುರುಗಳ ಬಳಿ ಬಂದಳು. “ತಲೆ ಕೇಳುತ್ತೆ, ಕಾಲು ಕೇಳಲ್ಲ. ಏನು ಮಾಡಲಿ?”

“ಕಾಲಿನ ಹತ್ತಿರ ಮಾತಾಡು.”

“ಕಾಲಿಗೆ ಮಾತು ಬರುತ್ತಾ, ಗುರುಗಳೇ?”

“ಮಾತು ಬರಲ್ಲ. ಹಸಿವಾದಾಗ ಊಟದ ಕಡೆ ನಡೆಯೋದು ಬರುತ್ತೆ” ಎಂದು ಗುರುಗಳು ಎದ್ದು ಹೋದರು.

ಕಾತ್ಯಾಯಿನಿ ಬಹಳ ಹೊತ್ತು ಯೋಚಿಸಿದಳು. ಮರುದಿನ ದೇವೀರಮ್ಮನ ಕೈಲಿ ಮುದ್ದೆ, ಬಸ್ಸಾರು ಮಾಡಿಸಿದಳು. ಮಾದನಾಯ್ಕನಿಗೆ ಹೊಂಗೆಮರದ ಕೆಳಗೆ ಬಡಿಸಿದಳು. ಅಲ್ಲಿಂದ ನದಿ ಸುಮ್ಮನೆ ಕಾಣುತ್ತಿತ್ತು. ಅವನು ನೆಮ್ಮದಿಯಾಗಿ ಉಂಡ.

ಮಾರನೆಯ ದಿನ ಊಟದ ಎಲೆಯನ್ನು ಸ್ವಲ್ಪ ಕೆಳಗೆ, ನದಿಯ ಕಡೆಗೆ ಹಾಕಿದಳು. ಅದರ ಮಾರನೆಯ ದಿನ ಇನ್ನೂ ಸ್ವಲ್ಪ ಕೆಳಗೆ. ಅವನು ನಡುಗಿದ ದಿನ ಎಲೆಯನ್ನು ಹಿಂದಕ್ಕೆ ತೆಗೆದುಕೊಂಡಳು, ಒತ್ತಾಯ ಮಾಡಲಿಲ್ಲ. ದೇವೀರಮ್ಮನ ಸಾರು ರುಚಿಯಾಗಿರುತ್ತಿತ್ತು, ಅದೂ ಒಂದು ಪುಣ್ಯ. ಕೊನೆಗೊಂದು ದಿನ ಮಾದನಾಯ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತು, ಕಾಲನ್ನು ನೀರಿಗೆ ಇಳಿಬಿಟ್ಟುಕೊಂಡು ಉಂಡ. ಉಂಡಾದ ಮೇಲೆ ಕಾಲ ಕಡೆ ನೋಡಿ ಅವನಿಗೇ ಆಶ್ಚರ್ಯವಾಯಿತು.

ಕಾತ್ಯಾಯಿನಿ ಕುಣಿಯುತ್ತಾ ಗುರುಗಳ ಬಳಿ ಬಂದಳು.

“ಯಾರು ಕಲಿಸಿದರು ನಿನಗೆ ಇದನ್ನ?” ಎಂದು ಕೇಳಿದರು ಗುರುಗಳು.

“ನನಗೇ ಹೊಳೆಯಿತು!”

“ಮೊಲ ತಂದ ತಾಯಿ ಕೇಳಿಸಿಕೊಂಡರೆ ನಗುತ್ತಾಳೆ.”

ಕಾತ್ಯಾಯಿನಿಯ ಮುಖ ಕೆಂಪಾಯಿತು. ಪುಸ್ತಕದಲ್ಲಿ ಓದಿದ್ದು ಆಗ ನೆನಪಾಯಿತು. ಎಲ್ಲೋ ದೂರದ ದೇಶದಲ್ಲಿ ಒಂದು ಮಗು ಮೊಲ ಕಂಡರೆ ಚೀರುತ್ತಿತ್ತು. ಒಬ್ಬ ಹೆಂಗಸು ಆ ಮಗುವಿಗೆ ಇಷ್ಟದ ತಿಂಡಿ ಕೊಟ್ಟು, ಅದು ತಿನ್ನುತ್ತಿರುವಾಗ ಮೊಲದ ಗೂಡನ್ನು ದೂರದಿಂದ ಒಂದಿಷ್ಟೊಂದಿಷ್ಟೇ ಹತ್ತಿರ ತಂದಿದ್ದಳು. ಕೊನೆಗೆ ಮಗು ಮೊಲದ ಮೈ ಸವರಿತ್ತು. ಆಕೆ ವರ್ತನವಾದಿಗಳ ಗುಂಪಿನವಳೇ.

“ಆದರೂ ಮನಸ್ಸಿನ ಮಾತು ಬೇಡ ಅಂದದ್ದು ತಪ್ಪೇ ಅಲ್ವಾ, ಗುರುಗಳೇ?”

“ತಪ್ಪೇ. ನಾನು ಯಾವಾಗ ಸರಿ ಅಂದೆ?”

 ಮರುದಿನ ಬೆಳಿಗ್ಗೆ ಗಂಟೆಯ ಅಯ್ಯನಿಗೂ, ಮೊಲ ತಂದ ತಾಯಿಗೂ ನೀರು ಬಿಟ್ಟಳು. ಮಂಚದ ಅಯ್ಯನಿಗೆ ಮಾತ್ರ ಕೈ ಏಳಲಿಲ್ಲ.

ಊಟದ ಎಲೆ ಹೀಗೇ ಮುಂದೆ ಸರಿದು, ಮಾದನಾಯ್ಕ ಈಗ ಹರಿಗೋಲಿನೊಳಗೆ ಕೂರುತ್ತಿದ್ದ. ಹರಿಗೋಲನ್ನು ದಡದ ಗೂಟಕ್ಕೆ ಹಗ್ಗದಿಂದ ಕಟ್ಟಿತ್ತು. ಕೂತು ಬೀಡಿ ಸೇದುತ್ತಿದ್ದ, ಮೀನು ತೋರಿಸುತ್ತಿದ್ದ. ಆದರೆ ಹುಟ್ಟನ್ನು ಕೈಗೆ ಕೊಟ್ಟರೆ ಕೈ ಮಡಚುತ್ತಲೇ ಇರಲಿಲ್ಲ. ಬೆರಳುಗಳು ಮರದ ಕಡ್ಡಿಯ ಹಾಗೆ ಸೆಟೆದು ನಿಲ್ಲುತ್ತಿದ್ದವು, ಹುಟ್ಟು ಜಾರಿ ಬೀಳುತ್ತಿತ್ತು. ಯೋಚನೆ ತಿದ್ದಿದರೂ ಆಗಲಿಲ್ಲ, ಊಟ ಬಡಿಸಿದರೂ ಆಗಲಿಲ್ಲ.

ದೇವೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಇಷ್ಟೇ ಏನೋ ಕಣವ್ವ ನಮ್ಮ ಹಣೇಬರ. ಚೆಲುವಿಗೆ ಕಾಯ್ಬ್ಯಾಡ ಅಂತ ಹೇಳ್ಕಳಿಸ್ತೀನಿ.”

“ಬೇಡಮ್ಮ, ಈಗಲೇ ಹೇಳಿಕಳಿಸಬೇಡಿ” ಎಂದು ಕಾತ್ಯಾಯಿನಿ ನೇರವಾಗಿ ಗುರುಗಳ ಬಳಿ ಬಂದಳು.

“ಕಾಲು ಕಲಿಯಿತು, ಗುರುಗಳೇ. ಕೈ ಕಲೀತಾ ಇಲ್ಲ.”

“ಕಲಿಯೋಕೆ ಏನಿದೆ ಅದಕ್ಕೆ? ಕೈಗೆ ಏನೋ ಗೊತ್ತಿದೆ. ನಿನಗೆ ಗೊತ್ತಿಲ್ಲದ್ದು.”

“ಅದನ್ನ ಹೇಳಿಸೋದು ಹೇಗೆ?”

“ಮಂಚದ ಅಯ್ಯನನ್ನ ಕೇಳು.”

“ಅವರು ಸತ್ತು ಎಷ್ಟೋ ಕಾಲ ಆಯಿತಲ್ಲ, ಗುರುಗಳೇ.”

“ಅದಕ್ಕೇ ನೀರು ಬಿಡೋದು.”

ಅವಳು ತಲೆ ತಗ್ಗಿಸಿಕೊಂಡು ನದಿಗೆ ಹೋದಳು. ಬೊಗಸೆ ತುಂಬಿ, ಮಂಚದ ಅಯ್ಯನಿಗೆ, ಎಂದಳು. ಅರೆಮನಸ್ಸಿನಿಂದಲೇ ಅಂದಳು ಅನ್ನಿ. ಆದರೂ ಅಂದಳು.

ಆಮೇಲೆ ಹರಿಗೋಲು ಹತ್ತಿ ಮಾದನಾಯ್ಕನ ಬೆನ್ನ ಹಿಂದೆ ಕೂತಳು. ಮಂಚದ ಅಯ್ಯ ಹಾಗೇ ಕೂರುತ್ತಿದ್ದನಂತೆ, ಮಲಗಿದವರಿಗೆ ಮುಖ ಕಾಣದ ಹಾಗೆ.

“ಮಾದಣ್ಣ, ಬಾಯಿಗೆ ಏನು ಬರುತ್ತೋ ಅದನ್ನ ಹೇಳ್ತಾ ಹೋಗಿ. ಸರಿ ತಪ್ಪು ನೋಡಬೇಡಿ. ನಾನು ಏನೂ ಕೇಳಲ್ಲ.”

ಅವನು ಬಲೆಯ ಸುದ್ದಿ ಹೇಳಿದ. ಬೀಡಿಯ ಸುದ್ದಿ ಹೇಳಿದ. ಕರಿಯ ಚಿಕ್ಕವನಾಗಿದ್ದಾಗ ಅವನಿಗೆ ಈಜು ಕಲಿಸಲು ಹೋದದ್ದು, ಅವನು ಹೆದರಿ ಅಣ್ಣನ ಕುತ್ತಿಗೆಗೆ ನೇತುಬಿದ್ದದ್ದು, ಇಬ್ಬರೂ ಸೇರಿ ನೀರು ಕುಡಿದದ್ದು ಹೇಳಿ ನಕ್ಕ. ಕರಿಯ ಈಜು ಕಲಿಯಲೇ ಇಲ್ಲ, ಎಂದ. 

ಆಮೇಲೆ ತನ್ನ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡ.

“ಅವತ್ತೂ ಹಂಗೇ ನೇತಾಕ್ಕಂಡ ಕಣವ್ವ” ಎಂದ ಮಾದನಾಯ್ಕ. “ಎಲ್ರೂ ಕರಿಯ ಕೈ ಜಾರಿ ಹೋದ ಅಂತಾರೆ. ಜಾರ್ನಿಲ್ಲ. ನಂಗೆ ಉಸುರು ಕಟ್ತು. ನಾನೇ ಅವನ ಕೈಯ ಬುಡ್ಸ್ದೆ. ಈ ಕೈಲೇ ಬುಡ್ಸ್ದೆ.”

ನಿಮ್ಮ ತಪ್ಪಲ್ಲ ಎಂಬ ಮಾತು ಕಾತ್ಯಾಯಿನಿಯ ತುಟಿಯವರೆಗೆ ಬಂತು. ಎದುರಿಗಿರುವವನನ್ನು ತಿದ್ದುವ ಮೊದಲು ಅವನನ್ನು ಪೂರ್ತಿ ಒಪ್ಪಿಕೊಂಡು ಕೂರು ಎಂದ ಕಡಲಾಚೆಯ ಇನ್ನೊಬ್ಬ ಅಯ್ಯ ಆಗ ನೆನಪಾದ. ಅವನದು ಬರೀ ಮೆತ್ತನೆಯ ಮಾತು ಎಂದು ಅವನಿಗೂ ಅವಳು ನೀರು ಬಿಟ್ಟಿರಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

“ಬಯ್ಯಾಕಿಲ್ವಾ?” ಎಂದ ಅವನು, ಹಿಂದೆ ತಿರುಗದೆ.

“ಇಲ್ಲ, ಮಾದಣ್ಣ.”

“ಎದ್ದೋಗಾಕಿಲ್ವಾ?”

“ಇಲ್ಲ. ಇಲ್ಲೇ ಇದೀನಿ.”

ಆಗ ಅವನು ಅತ್ತ. ಎಷ್ಟು ಅತ್ತ ಅಂದರೆ ಹರಿಗೋಲು ಅಲುಗಾಡಿತು. ಅವನಿಗೆ ಕಾಣದ ಹಾಗೆ ಕಾತ್ಯಾಯಿನಿಯೂ ಅತ್ತಳು. ಅಂದು ಅವನು ಹುಟ್ಟನ್ನು ಮುಟ್ಟಲಿಲ್ಲ, ಅವಳೂ ಮುಟ್ಟಿ ಎನ್ನಲಿಲ್ಲ.

ಕೆಲವು ದಿನ ಕಳೆದ ಮೇಲೆ ಮಾದನಾಯ್ಕ ಒಬ್ಬನೇ ಬಂದ. ಗೂಟದಿಂದ ಹಗ್ಗ ಬಿಚ್ಚಿದ. ಹುಟ್ಟು ಹಿಡಿದುಕೊಂಡ. ಈ ಸಲ ಬೆರಳುಗಳು ಮಡಚಿಕೊಂಡವು.

“ಚೆಲುವಿಗೆ ಹೇಳ್ಬುಟ್ ಬತ್ತೀನಿ” ಎಂದ.

ಹರಿಗೋಲು ಸುತ್ತುತ್ತಾ ಸುತ್ತುತ್ತಾ ಆಚೆ ದಡದ ಕಡೆ ಹೋಯಿತು. ಕಾತ್ಯಾಯಿನಿ ಸೊಂಟದವರೆಗೆ ನೀರಿಗಿಳಿದಳು. ಗಡಿಯಾರದ ಅಯ್ಯನಿಗೆ, ಗಂಟೆಯ ಅಯ್ಯನಿಗೆ, ಮೊಲ ತಂದ ತಾಯಿಗೆ, ಮಂಚದ ಅಯ್ಯನಿಗೆ, ಒಪ್ಪಿಕೋ ಎಂದ ಅಯ್ಯನಿಗೆ, ಬಿಡಿ ಚುಕ್ಕೆಗಳಲ್ಲಿ ಕಣ್ಣಿಗೆ ಇಡೀ ರಂಗೋಲಿ ಕಾಣುವುದೇಕೆ ಎಂದು ಕೇಳಿದವರಿಗೆ, ಹೆಸರೂ ಕೆಲಸವೂ ಮರೆತುಹೋದವರಿಗೆ, ಎಲ್ಲರಿಗೂ ನೀರು ಬಿಟ್ಟಳು. ಬಿಡುತ್ತಾ ಬಿಡುತ್ತಾ ಅವಳ ಎದೆ ತುಂಬಿ ಬಂತು. ಇಷ್ಟು ಜನ ತನ್ನ ಬೆನ್ನಿಗಿದ್ದರೂ ತಾನೊಬ್ಬಳೇ ಎಂದುಕೊಂಡಿದ್ದೆನಲ್ಲ ಎನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಹರಿಗೋಲು ತಿರುಗಿ ಬಂತು. ಗುರುಗಳೂ ಮೆಟ್ಟಿಲ ಬಳಿ ಬಂದು ನಿಂತಿದ್ದರು.

“ಏನಂದಳು ಚೆಲುವಿ?” ಎಂದು ಕಾತ್ಯಾಯಿನಿ ಕೇಳಿದಳು.

“ಬಯ್ದ್ಲು ಕಣವ್ವ. ಬಾಯಿಗ್ ಬಂದಂಗೆ ಬಯ್ದ್ಲು. ಆಮ್ಯಾಕೆ ಅತ್ಲು. ನಾನೂ ಅತ್ತೆ.” ಮಾದನಾಯ್ಕ ಮುಖ ಒರೆಸಿಕೊಂಡ. “ಆಮ್ಯಾಕೆ ಮುದ್ದೆ ಇಕ್ಕುದ್ಲು. ನಾಡಿದ್ದು ಸಂತೆಗೆ ದಾಟ್ಸಕ್ಕೆ ಬಾ ಬಾವ ಅಂದ್ಲು.”

ಹಾಗೆಂದವನೇ ಕಾತ್ಯಾಯಿನಿಯ ಕಾಲಿಗೆ ಬೀಳಲು ಬಗ್ಗಿದ. “ಇದು ನೀವು ಕೊಟ್ಟ ಜಲ್ಮ ಕಣವ್ವ. ಉಸುರಿರೋಗಂಟ ನಿಮ್ಮ ಹೆಸ್ರು ಹೇಳ್ಕತೀನಿ.”

ಅವಳು ಗಾಬರಿಯಾಗಿ ಅವನ ಎರಡೂ ಕೈ ಹಿಡಿದು ನಿಲ್ಲಿಸಿದಳು. ಗುರುಗಳ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು.

“ಗುರುಗಳೇ, ಇವರು ಕೈ ಮುಗಿಯಬೇಕಾದ್ದು ನನಗಲ್ಲ. ಕಡಲಾಚೆ ಎಲ್ಲೋ ಇದ್ದು ಹೋದವರಿಗೆ. ಅವರ ಹೆಸರೇ ಇವರಿಗೆ ಗೊತ್ತಿಲ್ಲವಲ್ಲ. ಹೇಗೆ ಹೇಳಲಿ?”

ಗುರುಗಳು ಹರಿಗೋಲಿನ ಹಗ್ಗವನ್ನು ಎಳೆದು ಗೂಟಕ್ಕೆ ಕಟ್ಟುತ್ತಾ ಹೇಳಿದರು:

“ಅವರಿಗೂ ಮಾದನಾಯ್ಕನ ಹೆಸರು ಗೊತ್ತಿರಲಿಲ್ಲ, ತಾಯಿ. ಗೊತ್ತಿಲ್ಲದೇನೇ ಇವನಿಗೋಸ್ಕರ ಅಷ್ಟೊಂದು ತಪ್ಪು ಮಾಡಿದರು.”