ಮೈಕ್‌ಸೆಟ್ ಜವರ

ಮತ್ತೆ ಬಾಯಿ ಹಾಕಿದೆಯಾ? ಕತೆ ಇನ್ನೂ ಹೊಸ್ತಿಲು ದಾಟಿಲ್ಲ, ಆಗಲೇ "ಅಮ್ಮ, ಯಾಕೆ? ಅಮ್ಮ, ಆಮೇಲೆ?" ಅವರೆಕಾಯಿ ಸುಲಿಯಬೇಕಾದ್ದು ಕೈ, ಬಾಯಲ್ಲ. ನಿನ್ನೆಯೂ ನಿನ್ನಿಂದಲೇ ಕತೆ ಅರ್ಧಕ್ಕೆ ನಿಂತಿತು. ಕೈ ಆಡಿಸು, ಕಿವಿ ಕೊಡು, ಬಾಯಿ ಮುಚ್ಚು.

ಒಂದೂರಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಜವರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಿಟ್ಟಿನ ಗಿರಣಿಗೆ ಸೇರಿಸಿದಳು. "ಬಂದವರ ಚೀಲ ಇಳಿಸ್ಕೊ" ಅಂದರು. ಬೀದಿಯಲ್ಲಿ ಹೋಗುತ್ತಿದ್ದವರ ಚೀಲವನ್ನೆಲ್ಲ ಇಳಿಸಿಕೊಂಡ. ಹೋಟೆಲಿಗೆ ಸೇರಿಸಿದಳು. "ಎಲೆ ಖಾಲಿ ಇದ್ದರೆ ಎತ್ತು" ಅಂದರು. ಬಡಿಸುವ ಮೊದಲೇ ಎಲ್ಲರ ಎಲೆ ಎತ್ತಿದ.

"ಅಯ್ಯೋ, ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ!" ಅಂತ ಸಣ್ಣತಾಯಮ್ಮ ಹಣೆ ಚಚ್ಚಿಕೊಳ್ಳುವಳು.

"ಆಯ್ತವ್ವ" ಅನ್ನುವನು ಜವರ.

ಅವನಿಗೆ ಒಂದೇ ಒಂದು ಹುಚ್ಚು. ಸಿಕ್ಕಿದ್ದಕ್ಕೆಲ್ಲ ಕಿವಿ ಇಡುವುದು. ಮಡಕೆಗೆ ಕಿವಿ, ಕರೆಂಟು ಕಂಬಕ್ಕೆ ಕಿವಿ, ಹಸುವಿನ ಹೊಟ್ಟೆಗೆ ಕಿವಿ. "ಒಳಗೇನೋ ಮಾತಾಡ್ತದೆ ಕಣವ್ವ!" ಅವಳು ಯೋಚಿಸಿ ಯೋಚಿಸಿ ಅವನನ್ನು ಕರೆದುಕೊಂಡು ಹೋಗಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮರಿಸ್ವಾಮಣ್ಣನ ಅಂಗಡಿ ಮುಂದೆ ನಿಲ್ಲಿಸಿದಳು.

ಅಲ್ಲಿ ನೋಡು, ಜವರ ಅರಳಿದ. ಸದ್ದು ಬರುವ ಸ್ಪೀಕರ್ ಡಬ್ಬಗಳನ್ನು ತನ್ನ ಟವೆಲ್ಲಿನಲ್ಲೇ ಒರೆಸಿದ. ಕಾಲಿಗೆ ತೊಡರುತ್ತಿದ್ದ ವಯರನ್ನೆಲ್ಲ ಹೂವಿನ ದಂಡೆಯ ಹಾಗೆ ಸುತ್ತಿಟ್ಟ. ಬಿಡುವಾದಾಗ ಖಾಲಿ ಡ್ರಮ್ಮಿನೊಳಗೆ ಮೈಕು ಇಳಿಬಿಟ್ಟು, ತಾನೂ ತಲೆ ತೂರಿಸಿ, "ಅಣ್ಣ! ಇದರೊಳಗೆ ನಾನು ದಪ್ಪಗಾಗ್ತೀನಿ!" ಅಂತ ಕೂಗಿದ. ರಾಗಿ ಚೀಲದೊಳಗೆ ಮೈಕು ಹೂತು, "ಇದರೊಳಗೆ ಮುದುಕ ಆಗ್ತೀನಿ!" ಅಂದ.

ಏನು? ಹೌದು, ನಾವೂ ಡ್ರಮ್ಮಿನಲ್ಲಿ ಕೂಗಿ ನೋಡೋಣ. ಈಗ ಅಲ್ಲ. ಸುಲಿ.

ಮೊದಲ ದಿನ ನಿಶ್ಚಿತಾರ್ಥ. ಜವರ ಮೈಕನ್ನು ತಂದು ಡಬ್ಬದ ಮೂತಿಗೇ ಹಿಡಿದ. ಕುಂಯ್ಯ್ಯ್! ಬೀಗರೆಲ್ಲ ಕಿವಿ ಮುಚ್ಚಿಕೊಂಡರು. ಮರಿಸ್ವಾಮಣ್ಣ ಓಡಿ ಬಂದ.

"ಲೇ ಪೆದ್ದ! ಡಬ್ಬದ ಮುಂದೆ ಹಂಗೆ ಕಿರುಚಿಕೊಂಡರೆ ಎತ್ತಿಕೊಂಡು ದೂರ ಹೋಗಬೇಕು ಕಣ್ಲಾ! ಸದ್ದು ನಿಲ್ಲೋವರೆಗೂ ಹೋಗಬೇಕು!"

"ಆಯ್ತಣ್ಣ."

ಮುಂದಿನದು ನಾಮಕರಣ. ತೊಟ್ಟಿಲು ಇಟ್ಟಿದ್ದು ಸರಿಯಾಗಿ ಡಬ್ಬದ ಮುಂದೆ. ಹಾಡು ಹಾಕಿದ್ದೇ ತಡ, ಮಗು ಕಿಟಾರನೆ ಕಿರುಚಿತು. ಜವರ ಏನು ಮಾಡಿದ? ಮಗುವನ್ನು ಎತ್ತಿಕೊಂಡ, ಓಡಿದ! ಅದು ಕಿರುಚಿದಷ್ಟೂ ಓಡಿದ. ಬೀದಿ ದಾಟಿದ, ಕಬ್ಬಿನ ಗದ್ದೆ ದಾಟಿದ, ಕೆರೆ ಏರಿ ಹತ್ತಿದ. ಹಿಂದೆ ತಾಯಿ, ತಾಯಿಯ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಸೋದರಮಾವ, ಅವನ ಕೈಯಲ್ಲಿ ದೊಣ್ಣೆ!

ಮನೆಗೆ ಬಂದ ಮಗನ ಬೆನ್ನಿಗೆ ಅರಿಶಿನ ಹಚ್ಚುತ್ತ ಸಣ್ಣತಾಯಮ್ಮ ಗೋಳಾಡಿದಳು. "ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ! ಅಳೋರನ್ನ ಎತ್ತಿಕೊಂಡು ಓಡ್ತಾರೇನ್ಲಾ? ಬೆನ್ನು ತಟ್ಟಬೇಕು, ಹಾಲಿನ ಬಾಟ್ಲಿ ಬಾಯಿಗಿಡಬೇಕು, ಜೋ ಜೋ ಅನ್ನಬೇಕು!"

"ಆಯ್ತವ್ವ."

ಅದಾದ ಮೇಲೆ ಸ್ಕೂಲಿನಲ್ಲಿ ಹೆಡ್‌ಮೇಷ್ಟ್ರಿಗೆ ಬೀಳ್ಕೊಡುಗೆ. ಶಾಲು ಹೊದ್ದು, ಹಾರ ಹಾಕಿಕೊಂಡು, "ಮಕ್ಕಳೇ, ಈ ಶಾಲೆ ಬಿಟ್ಟು..." ಅಂದವರೇ ಮೈಕಿನ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಜವರ ಅತ್ತ ನೋಡಿದ, ಇತ್ತ ನೋಡಿದ. ಮುಂದಿನ ಸಾಲಿನಲ್ಲಿದ್ದ ಹೆಂಗಸಿನ ಮಡಿಲಿಂದ ಹಾಲಿನ ಬಾಟ್ಲಿ ಕಿತ್ತುಕೊಂಡ, ವೇದಿಕೆ ಹತ್ತಿದ, ಮೇಷ್ಟ್ರ ಬೆನ್ನು ತಟ್ಟಿದ, ಬಾಟ್ಲಿ ಬಾಯಿಗಿಟ್ಟ!

"ಜೋ ಜೋ, ಅಳಬ್ಯಾಡ ಕಂದ!"

ಮೈಕು ಬಾಯಿ ಪಕ್ಕದಲ್ಲೇ ಇತ್ತಲ್ಲ, ಮೇಷ್ಟ್ರು ಗುಟುಕರಿಸಿದ್ದು ಊರಿಗೆಲ್ಲ ಕೇಳಿಸಿತು.

ಏ, ನಕ್ಕಿದ್ದು ಸಾಕು. ಕಾಳೆಲ್ಲ ಚೆಲ್ಲಿದೆ, ಆರಿಸು.

ಮರಿಸ್ವಾಮಣ್ಣ ತಲೆ ಮೇಲೆ ಕೈ ಹೊತ್ತ. "ಅಯ್ಯೋ ದಡ್ಡ ಶಿಖಾಮಣಿ! ದೊಡ್ಡೋರು ಮೈಕಿನ ಮುಂದೆ ಅತ್ತರೆ ಅದು ಊರಿಗೆ ಕೇಳಬಾರದು ಕಣ್ಲಾ! ಸದ್ದಿನ ಬಟನ್ ಪೂರ್ತಿ ಇಳಿಸು, ತಲೆ ಬಗ್ಗಿಸಿ ನಿಂತ್ಕೊ!"

"ಆಯ್ತಣ್ಣ."

ಆಮೇಲೆ ಬಂತು ಪಕ್ಕದೂರಿನವರ ನಾಟಕ. ಧೃತರಾಷ್ಟ್ರನ ಪಾತ್ರ ಡೇರಿ ಕಾರ್ಯದರ್ಶಿ ಕೆಂಚೇಗೌಡನದು. ಯುದ್ಧ ಮುಗಿದು, ಸತ್ತ ಮಕ್ಕಳ ಹೆಸರು ಹಿಡಿದು ಅಳುವ ಒಂದು ಹಾಡಿಗಾಗಿ ಬೇಸಗೆಯಿಡೀ ಗಂಟಲು ಹರಿದುಕೊಂಡು ಕಲಿತಿದ್ದ. ಹೆಂಡತಿಯ ತವರಿನವರೆಲ್ಲ ಮುಂದೆ ಕೂತಿದ್ದರು. ಗೌಡ ಎದೆ ಬಡಿದುಕೊಂಡು "ಅಯ್ಯೋ ಕಂದಗಳಿರಾ..." ಅಂತ ಎತ್ತಿದ. ಜವರ ಬಟನ್ ಇಳಿಸಿದ, ತಲೆ ಬಗ್ಗಿಸಿ ನಿಂತ. ಗೌಡ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಕೆರೆ ಮೀನಿನ ಹಾಗೆ! ಸದ್ದೇ ಇಲ್ಲ!

ಕುರುಡು ಧೃತರಾಷ್ಟ್ರ ನೆಟ್ಟಗೆ ಮೈಕ್‌ಸೆಟ್ಟಿನ ಹತ್ತಿರವೇ ನಡೆದು ಬಂದು ಜವರನ ಕೊರಳಪಟ್ಟಿ ಹಿಡಿದ.

ಮಾರನೆ ದಿನ ಮರಿಸ್ವಾಮಣ್ಣ ಸಣ್ಣತಾಯಮ್ಮನ ಮನೆಗೇ ಬಂದ. "ತಾಯಿ, ಇನ್ನೊಂದೇ ಸಲ. ಇನ್ನೊಂದು ಕಾರ್ಯಕ್ರಮ ಕೆಡಿಸಿದರೆ ಮನೇಲಿಟ್ಕೊ ನಿನ್ನ ಮಗನ್ನ." ಜವರನ ಕಡೆ ತಿರುಗಿ, "ಕೇಳಿಸದೇ ಇರೋದನ್ನ ಕೇಳಿಸೋದೇ ನಮ್ಮ ಕಸುಬು ಕಣ್ಲಾ! ಸದ್ದು ಕೇಳಲಿಲ್ಲ ಅಂದರೆ ಬಟನ್ ಏರಿಸು! ಕೇಳೋವರೆಗೂ ಏರಿಸು!"

"ಆಯ್ತಣ್ಣ."

ಸಣ್ಣತಾಯಮ್ಮನಿಗೆ ಅನ್ನ ಇಳಿಯಲಿಲ್ಲ. ಗಿರಣಿ ಹೋಗಿತ್ತು, ಹೋಟೆಲು ಹೋಗಿತ್ತು, ಅದಕ್ಕೆಲ್ಲ ಜವರ ತಲೆ ಕೆಡಿಸಿಕೊಂಡಿರಲಿಲ್ಲ. ಇದು ಹೋದರೆ ಮಗ ಮತ್ತೆ ಗೋಡೆಗೆ ಕಿವಿ ಇಟ್ಟುಕೊಂಡು ಕೂರುತ್ತಾನೆ ಅಂತ ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಊರಿನ ಹಾರ್ಮೋನಿಯಂ ಮೇಷ್ಟ್ರು ತೀರಿಕೊಂಡರು. ಸುತ್ತಮುತ್ತಲ ಊರುಗಳಿಗೆಲ್ಲ ನಾಟಕ ಕಲಿಸಿದವರು. ಪಂಚಾಯ್ತಿ ಮುಂದೆ ಶ್ರದ್ಧಾಂಜಲಿ ಸಭೆ. ಹಾರ್ನುಗಳನ್ನು ನಾಲ್ಕು ಬೀದಿಗೂ ತಿರುಗಿಸಿ ದೂರದ ಕಂಬಗಳಿಗೆ ಕಟ್ಟಿದ್ದರು. ವೇದಿಕೆ ಮೇಲೆ ಅಧ್ಯಕ್ಷರಿಗೊಂದು ಮೈಕು, ಕೆಳಗೆ ಪದ ಹಾಡುವ ಹೆಂಗಸರಿಗೊಂದು ಮೈಕು. ಆ ಹೆಂಗಸರ ನಡುವೆ, ಮೈಕಿನ ಎದುರಿಗೇ, ಸಣ್ಣತಾಯಮ್ಮ.

ಹಾರ ಆಯಿತು, ಮಾತಾಯಿತು, ಪದವೂ ಆಯಿತು. ಎಲ್ಲ ಸಲೀಸು. ಅಧ್ಯಕ್ಷರು ಎದ್ದು, "ಈಗ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಅಂದರು.

ಊರೇ ಎದ್ದಿತು. ಊರೇ ಸುಮ್ಮನಾಯಿತು.

ವೇದಿಕೆ ಪಕ್ಕದಲ್ಲೇ ಕೂತಿದ್ದ ಜವರ ಕಿವಿ ನಿಮಿರಿಸಿದ. ಸದ್ದಿಲ್ಲ! ಬಟನ್ ಏರಿಸಿದ. ಸದ್ದಿಲ್ಲ! ಇನ್ನೂ ಏರಿಸಿದ. ಎಲ್ಲ ಬಟನ್ನನ್ನೂ ತುದಿಮುಟ್ಟ ತಿರುಗಿಸಿದ. ಮೈಕು ಡಬ್ಬದಿಂದ ದೂರವಿತ್ತು, ಕುಂಯ್ ಅನ್ನಲೂ ಇಲ್ಲ. ಮೊದಲ ಪಾಠ ಮರೆತಿರಲಿಲ್ಲ ನೋಡು!

ಮೊದಲು ಬಂದಿದ್ದು ಗುಳುಗುಳುಗುಳು. ಯಾರದೋ ಹಸಿದ ಹೊಟ್ಟೆ, ನಾಲ್ಕು ಬೀದಿಗೂ ಗುಡುಗಿದ ಹಾಗೆ!

ಆಮೇಲೆ ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಅಂದಿದ್ದು: "ಉಪ್ಪಿಟ್ಟೋ, ಬಿಸಿಬೇಳೆಬಾತೋ?"

ಆಮೇಲೆ ಕಣ್ಣು ಮುಚ್ಚಿ, ಕೈ ಮುಗಿದು, ತುಟಿಯೊಳಗೇ ಒಬ್ಬಳು ಗೊಣಗಿದ್ದು: "ಮಾದಪ್ಪ, ಇದೊಂದು ದಿನ ನನ್ನ ಮಗ ಏನೂ ಕೆಡಿಸದಂಗೆ ನೋಡ್ಕೊಳಪ್ಪ..."

"ಆಯ್ತವ್ವ!" ಅಂದ ಜವರ, ವೇದಿಕೆಯ ಮೈಕಿನಲ್ಲಿ!

ಊರು ಮೌನ ಮುರಿದು ನಕ್ಕಿತು. ತೀರಿಕೊಂಡ ಮೇಷ್ಟ್ರ ಹೆಂಡತಿಯೇ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಸಣ್ಣತಾಯಮ್ಮ ಒಬ್ಬಳೇ ನಗಲಿಲ್ಲ. ಮುಗಿಯಿತು, ಇದೂ ಮುಗಿಯಿತು ಅಂತ ನೆಲಕ್ಕೆ ಕುಸಿದಳು.

ಮರಿಸ್ವಾಮಣ್ಣ ದಾಪುಗಾಲು ಹಾಕಿಕೊಂಡು ಬಂದ. ಬಾಯಿ ತೆರೆದ. ಏನು ಹೇಳಿದರೆ ಇವನು ಏನು ಮಾಡುತ್ತಾನೋ ಅಂತ ಹೆದರಿ ಬಾಯಿ ಮುಚ್ಚಿದ. ಕಣ್ಣು ಬಿಟ್ಟುಕೊಂಡು ಸುಮ್ಮನೆ ನಿಂತ.

ಜವರ ಕಾದ. ಅಣ್ಣನಿಂದ ಸದ್ದೇ ಇಲ್ಲ! ಮೈಕು ತಂದು ಅವನ ತುಟಿಗೇ ಇಟ್ಟ.

"ಥೂ ಪೆದ್ದ... ಇವನನ್ನ ಕಳಿಸಿಬಿಟ್ಟರೆ ನನ್ನ ಡಬ್ಬಗಳನ್ನ ಇಷ್ಟು ಪ್ರೀತಿಯಿಂದ ಇನ್ಯಾರು ನೋಡ್ಕೊತಾರೆ..."

ಅವನು ಒಳಗೊಳಗೇ ಗೊಣಗಿಕೊಂಡಿದ್ದು ನಾಲ್ಕು ಹಾರ್ನಿನಲ್ಲಿ ನಾಲ್ಕು ಬೀದಿಗೂ ಹೋಯಿತು. ಊರೆಲ್ಲ ಕೇಳಿದ ಮೇಲೆ ಕಳಿಸುವುದು ಹೇಗೆ? ಮರಿಸ್ವಾಮಣ್ಣ ಪೆಚ್ಚಾಗಿ, "ನಡಿ, ವಯರ್ ಸುತ್ತು" ಅಂದ.

"ಆಯ್ತಣ್ಣ!"

ಮುಗಿಯಿತು ಕತೆ. ಏಳು, ಸಿಪ್ಪೆ ಒಯ್ದು ಹಸುವಿಗೆ ಹಾಕು.

ಎದ್ದಳಾ ಮಗಳು? ಇಲ್ಲ. ಕೈಯಲ್ಲೊಂದು ಅವರೆಕಾಯಿ ಹಿಡಿದುಕೊಂಡು ಕೂತೇ ಇದ್ದಳು. ಅದನ್ನೇ ಮೈಕಿನ ಹಾಗೆ ತಂದು ನನ್ನ ತುಟಿಗಿಟ್ಟಳು. ಬೈಯೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಕೇಳಿದಳು:

"ಅಮ್ಮ, ನೀನು ಪಾತ್ರೆ ಉಜ್ಜುವಾಗ ಒಬ್ಬಳೇ ಸುಮ್ಮನೆ ಇರ್ತೀಯಲ್ಲ, ಆಗ ಬಟನ್ ಏರಿಸಿದರೆ ಏನು ಕೇಳಿಸುತ್ತೆ?"