ಕೆಂಚವ್ವ ಅರಬ್ಬಿ ಕುದುರೆ ಪಳಗಿಸಿದ್ದು

ಒಂದಾನೊಂದು ಕಾಲದಲ್ಲಿ, ಗುಡ್ಡಗಳು ಈಗಿನ ಹಾಗೆ ಸವೆಯದೆ ಮೋಡಕ್ಕೆ ತಲೆ ತಾಗಿಸ್ಕೊಂಡು ನಿಂತಿದ್ದ ಕಾಲದಲ್ಲಿ, ಹುಲಿಗೊಂದಿ ಅಂತ ಒಂದು ಕೋಟೆ ಇತ್ತಂತೆ. ಸುಮ್ನೆ ಮಲ್ಕೊಂಡು ಕೇಳು ಪುಟ್ಟಿ. ಈ ಕತೇನ ನಿಮ್ಮಜ್ಜೀನೂ ಹೇಳ್ತಾಳೆ, ಆದ್ರೆ ಅವಳು ಹೇಳೋವಾಗ ಕುದುರೆ ಕತ್ತೆ ಎತ್ತರಕ್ಕೆ ಇಳಿದುಬಿಡುತ್ತೆ. ನಾನು ಹೇಳೋದು ಇದ್ದದ್ದು ಇದ್ದ ಹಾಗೆ. ನಂಗೆ ಓದು ಬರಹ ಬರಲ್ಲ, ಹಾಗಾಗಿ ಒಂದಕ್ಷರಾನೂ ತಪ್ಪೋ ಹಾಗಿಲ್ಲ. ನಮ್ಮ ತಾತನ ತಾತ ಆ ಕುದುರೆ ಬಾಲ ಮುಟ್ಟಿದ್ನಂತೆ, ಮೂರು ದಿನ ಕೈ ಜುಮ್ಮನ್ನೋದು ನಿಲ್ಲಲಿಲ್ಲವಂತೆ.

ಆ ಕೋಟೆಗೆ ಕಾಟಪ್ಪನಾಯಕ ಅಂತ ಪಾಳೇಗಾರ. ಮೀಸೆ ಅಂದ್ರೆ ಮೀಸೆ, ಎರಡು ತುದಿ ಮೇಲೂ ಒಂದೊಂದು ನಿಂಬೆಹಣ್ಣು ನಿಲ್ಲಿಸ್ಕೊಂಡು ಓಡಾಡ್ತಿದ್ನಂತೆ. ಅವನಿಗೊಂದು ಆಸೆ. ನವರಾತ್ರಿ ಒಡ್ಡೋಲಗದಲ್ಲಿ ಸುತ್ತಮುತ್ತಲ ಪಾಳೇಗಾರರೆಲ್ಲ ಕೂತಿರೋವಾಗ, ಯಾರ ಹತ್ರಾನೂ ಇಲ್ಲದಂಥ ಕುದುರೆ ಬಂದು ತನ್ನ ಮುಂದೆ ಮಂಡಿಯೂರಬೇಕು ಅಂತ. ಅದಕ್ಕೆ ಘಟ್ಟದ ಕೆಳಗೆ ಹಡಗಿನೋರ ಹತ್ರ ಹೇಳಿ ಒಂದು ಅರಬ್ಬಿ ಕುದುರೆ ತರಿಸಿದ. ಬಂತಪ್ಪ ಕುದುರೆ, ಇಡೀ ಊರು ಬಾಯಿ ತೆರೆದದ್ದು ಮುಚ್ಚಲಿಲ್ಲ. ಜೀನು ಹಾಕೋಕೆ ಏಣಿ ಇಡಬೇಕಿತ್ತಂತೆ. ಅದು ಕೆನೆದ್ರೆ ಮನೆಮನೆ ಬಾನಿಯಲ್ಲಿ ನೀರು ಸುಳಿ ತಿರುಗ್ತಿತ್ತಂತೆ. ನಾಯಕ ಅದಕ್ಕೆ ರಣಸಿಡಿಲು ಅಂತ ಹೆಸರಿಟ್ಟ.

ಆಮೇಲೆ ತನ್ನ ಲಾಯದ ಸವಾರ ಹೊನ್ನೂರಪ್ಪನ್ನ ಕರೆಸಿ ಹೇಳಿದ್ನಂತೆ, ನವರಾತ್ರಿ ಹೊತ್ತಿಗೆ ಇದಕ್ಕೆ ಮೂರು ಕೆಲಸ ಬರಬೇಕು. ಪಕ್ಕದಲ್ಲೇ ಫಿರಂಗಿ ಹಾರಿದ್ರೂ ಬೆದರಬಾರದು, ಅದು ಒಂದು. ಕುಣೀಬೇಕು, ಆದ್ರೆ ಸವಾರನ ಅಂಗೈ ಮೇಲಿರೋ ಹಾಲಿನ ಬಟ್ಟಲು ತುಳುಕಬಾರದು, ಅದು ಎರಡು. ನನ್ನ ಮುಂದೆ ಮಂಡಿಯೂರಬೇಕು, ಅದು ಮೂರು. ಒಂದು ತಪ್ಪಿದ್ರೂ ಇದರ ಕಣ್ಣಿಗೆ ಬಟ್ಟೆ ಕಟ್ಟಿ ಎಣ್ಣೆ ಗಾಣಕ್ಕೆ ಹೂಡಿಸ್ತೀನಿ, ಸಾಯೋ ತನಕ ಸುತ್ತಲಿ ಅಂತ. ಓಡೋಕಂತ ಹುಟ್ಟಿದ ಪ್ರಾಣೀನ ಕುರುಡು ಕಟ್ಟಿ ಒಂದೇ ಜಾಗದಲ್ಲಿ ಸುತ್ತಿಸೋದು ಅಂದ್ರೆ ಏನು, ನೀನೇ ಯೋಚನೆ ಮಾಡು.

ಹೊನ್ನೂರಪ್ಪನಿಗೆ ಸೊಂಟ ಬಿದ್ದುಹೋಗಿತ್ತು, ಕುದುರೆ ಹತ್ತೋ ಹಾಗಿರಲಿಲ್ಲ. ಮೂರು ಜನ ಮಕ್ಕಳು. ದೊಡ್ಡೋನು ಚಾಟಿ ಹಿಡ್ಕೊಂಡು ಹೋದ. ಕುದುರೆ ಒಂದ್ಸಲ ಮೈ ಒದರಿತು ನೋಡು, ಅವನು ಹಾರಿ ಹುಲ್ಲಿನ ಬಣವೆ ತುದೀಲಿ ಕೂತಿದ್ದ, ಇಳಿಸೋಕೆ ಜೀನಿನ ಏಣೀನೇ ಬೇಕಾಯ್ತಂತೆ. ನಡುವಿನೋನು ಬುದ್ಧಿವಂತ, ಬೆಲ್ಲ ಹಿಡ್ಕೊಂಡು ಹೋದ. ಬೆಲ್ಲಾನೂ ತಿಂತು, ರುಮಾಲೂ ತಿಂತು, ಆಮೇಲೆ ಅವನನ್ನ ಹುಣಸೆಮರಕ್ಕೆ ಎಸೀತು. ಇನ್ನು ಉಳಿದೋಳು ಕೆಂಚವ್ವ, ಹದಿನಾರರ ಹುಡುಗಿ. ನಾನು ಹೋಗ್ತೀನಿ ಅಂದಾಗ ಅಣ್ಣಂದಿರು ಬಣವೆಗೆ ಹೋಗ್ತೀಯೋ ಮರಕ್ಕೆ ಹೋಗ್ತೀಯೋ ಅಂತ ನಕ್ಕರಂತೆ.

ಅವಳು ಏನು ಮಾಡಿದ್ಲು ಗೊತ್ತಾ, ಏನೂ ಮಾಡಲಿಲ್ಲ. ಮೊರದ ತುಂಬ ಹುರುಳಿ ಹಾಕ್ಕೊಂಡು ಹೋಗಿ ಲಾಯದಲ್ಲಿ ಕುದುರೆಗೆ ಬೆನ್ನು ತಿರುಗಿಸಿ ಕೂತ್ಲು. ಕಲ್ಲು ಆರಿಸ್ತಾ ತನ್ನ ಪಾಡಿಗೆ ತಾನು ಮಾತಾಡ್ತಾ ಇದ್ಲು. ಒಂದು ವಾರ ಕುದುರೆ ಗೋಡೆ ಒದೀತು. ಎರಡನೇ ವಾರ ಕಿವಿ ನಿಮಿರಿಸ್ತು. ಮೂರನೇ ವಾರ ಹಿಂದಿನಿಂದ ಬಂದು ಅವಳ ಜಡೆ ಮೂಸ್ತು. ಆಗ ಮೆಲ್ಲಗೆ ತಿರುಗಿ ಅದರ ಬಾಯಿ ಬಿಡಿಸಿ ನೋಡ್ತಾಳೆ, ಅಯ್ಯೋ, ನಾಲಿಗೆ ಅರ್ಧ ಸೀಳಿಹೋಗಿದೆ. ಹಡಗಿನೋರು ಮುಳ್ಳಿನ ಕಡಿವಾಣ ಹಾಕಿ ಎಳೆದಿದ್ರು. ಕೊಬ್ಬು ಅಂತ ಎಲ್ಲರೂ ಹೊಡೆದದ್ದು ನೋವಿಗೆ ಅಂತ ಅವಳಿಗೆ ಆಗ ಗೊತ್ತಾಯ್ತಂತೆ.

ಆಮೇಲೆ ದಿನಾ ಅರಿಶಿನ ಬೆಣ್ಣೆ ಕಲಸಿ ಹಚ್ಚಿದ್ಲು, ಎಳೆ ಗರಿಕೆ ತಂದು ಹಾಕಿದ್ಲು, ಗೊರಸು ಕೆರೆದ್ಲು, ಮೈ ಉಜ್ಜಿದ್ಲು. ಎಷ್ಟು ಉಜ್ಜಿದ್ಲು ಅಂದ್ರೆ ಊರ ಹೆಂಗಸರು ಅದರ ಹೊಟ್ಟೇಲಿ ಮುಖ ನೋಡ್ಕೊಂಡು ಕುಂಕುಮ ಇಡ್ತಿದ್ರಂತೆ. ಈ ಬಾಯಿಗೆ ಇನ್ನು ಕಬ್ಬಿಣ ಹಾಕಲ್ಲ ಅಂತ ಕಡಿವಾಣಾನೇ ಬಿಟ್ಟುಬಿಟ್ಲು. ಮಂಡಿ ಒತ್ತಿದ್ರೆ ತಿರುಗೋದು, ಮಗಾ ಅಂದ್ರೆ ನಿಲ್ಲೋದು, ಅಷ್ಟೇ ಅವರ ಲೆಕ್ಕ.

ಫಿರಂಗಿಗೆ ಹೇಗೆ ಕಲಿಸಿದ್ಲು ಅಂದ್ರೆ, ಮೊದಲು ಮೊರ ಬಡಿದ್ಲು, ಆಮೇಲೆ ಕೊಳಗ ಬಡಿದ್ಲು, ಆಮೇಲೆ ತಮಟೆಯೋರನ್ನ ಕರೆಸಿದ್ಲು. ಹಾಲಿಗೆ ಅಂತ ಮೊದಲು ಬರೀ ಬಟ್ಟಲು, ಆಮೇಲೆ ಅರ್ಧ ನೀರು, ಆಮೇಲೆ ತುಂಬಿದ ನೀರು. ತೊಡಕಾದದ್ದು ಮಂಡಿಯೂರೋದಕ್ಕೆ. ಎದುರಿಗೆ ದೊರೆ ಅಂತ ಯಾರಾದ್ರೂ ಕೂರಬೇಕಲ್ಲ. ಹುಲಿಗೊಂದೀಲಿ ಆಟಕ್ಕೂ ನಾಯಕನ ಹಾಗೆ ಗಾದಿ ಹಾಕ್ಕೊಂಡು ಕೂರೋ ಹಾಗಿರಲಿಲ್ಲ, ಕೂತ್ರೆ ತಲೆ ಹೋಗುತ್ತೆ ಅಂತ ಭಯ. ಅಪ್ಪ ಒಲ್ಲೆ ಅಂದ, ಅಣ್ಣಂದಿರು ಊರೇ ಬಿಟ್ಟು ಓಡಿದ್ರು. ಕೊನೆಗೆ ಲಾಯಕ್ಕೆ ಹುರುಳಿ ಬೇಯಿಸೋ ಮಲ್ಲಜ್ಜಿ ಬಂದು, ಅಲುಗಾಡೋ ಮೂರು ಹಲ್ಲಿರೋ ತಲೆ ತಗೊಂಡು ಅವನೇನು ಮಾಡ್ತಾನೆ, ಹಾಸು ಗಾದೀನ ಅಂದು ಕೂತ್ಲಂತೆ. ಒರಳುಕಲ್ಲಿನ ಮೇಲೆ ಕೆಂಪು ಕಂಬಳಿ, ಅದರ ಮೇಲೆ ಮಲ್ಲಜ್ಜಿ. ಕುದುರೆ ಮುಂಗಾಲು ಮಡಚಿದ್ರೆ ಒಂದು ಹಿಡಿ ಬಿಸಿ ಹುರುಳಿ ಕೊಟ್ಟು, ಗಂಟಲು ದಪ್ಪ ಮಾಡಿ, ಮೆಚ್ಚಿದೆವು, ಏಳು ಅನ್ನೋಳು. ಆರು ತಿಂಗಳು ದಿನಾ ಹೀಗೇ.

ನವರಾತ್ರಿ ಬಂತು. ಪಾಳೇಗಾರರೆಲ್ಲ ಸಾಲಾಗಿ ಕೂತಿದ್ರು, ನಡುವೆ ಕಾಟಪ್ಪನಾಯಕ, ಮೀಸೆ ಮೇಲೆ ಎರಡು ನಿಂಬೆಹಣ್ಣು. ಕಡಿವಾಣ ಇಲ್ಲದ ಕುದುರೆ ಮೇಲೆ ಒಂದು ಹುಡುಗಿ ಬಂದಾಗಲೇ ಸಭೆ ಉಸಿರು ಹಿಡೀತು. ಫಿರಂಗಿ ಹಾರಿಸಿದ್ರು. ಕಾಗೆಗಳು ಹಾರ್ತಾ ಹಾರ್ತಾನೇ ಮೂರ್ಛೆ ಹೋಗಿ ಬಿದ್ವು, ಮಂತ್ರಿ ಪೇಟ ಕೆರೆಗೆ ಹೋಯ್ತು, ಕುದುರೆ ಮಾತ್ರ ಒಂದು ಕಿವಿ ಅಲ್ಲಾಡಿಸಿ ನೊಣ ಓಡಿಸ್ತು. ಆಮೇಲೆ ಹಾಲಿನ ಬಟ್ಟಲು ಕೊಟ್ರು. ಕುದುರೆ ಎಡಕ್ಕೆ ಕುಣೀತು, ಬಲಕ್ಕೆ ಕುಣೀತು, ಹಿಂಗಾಲ ಮೇಲೆ ನಿಂತು ಕುಣೀತು. ಬಟ್ಟಲು ಇಳಿಸಿ ನೋಡಿದ್ರೆ ಹಾಲು ಎಷ್ಟು ಅಲುಗದೆ ಇತ್ತು ಅಂದ್ರೆ ಮೇಲೆ ಬೆರಳು ದಪ್ಪ ಕೆನೆ ಕಟ್ಟಿತ್ತಂತೆ. ನೋಡು, ನಿಮ್ಮಜ್ಜಿ ಅಲ್ಲಿಂದ ಕೇಳ್ತಾಳೆ, ಮೊಸರೇ ಆಯ್ತು ಅಂತ ಯಾಕೆ ಹೇಳಲಿಲ್ಲ ಅಂತ. ಹೆಪ್ಪು ಹಾಕಿರಲಿಲ್ಲ ಕಣೆ, ಹಾಕಿದ್ರೆ ಆಗ್ತಿತ್ತು.

ಮೂರನೇದು. ಕುದುರೆ ನಾಯಕನ ಮುಂದೆ ಬಂದು ನಿಂತ್ಕೊಂಡ್ತು. ಅವನ ಪಾದ ಮೂಸ್ತು, ಸೀನ್ತು, ತಿರುಗಿಬಿಡ್ತು. ಕೆಂಚವ್ವ ಮಂಡಿ ಒತ್ತಿದ್ಲು, ಮಗಾ ಅಂದ್ಲು, ಅದು ಕೇಳಲಿಲ್ಲ, ಎಳೆಯೋಕೆ ಕಡಿವಾಣ ಬೇರೆ ಇಲ್ಲ. ಜನ ಎರಡು ಪಾಲಾಗಿ ದಾರಿ ಬಿಟ್ರು. ಅದು ನೆಟ್ಟಗೆ ಬಾಗಿಲ ಹತ್ರ ಹೋಗಿ, ತಲೆ ಮೇಲೆ ಸೆರಗು ಹೊದ್ದು ಮೂಲೇಲಿ ಕೂತಿದ್ದ ಮಲ್ಲಜ್ಜಿ ಮುಂದೆ ಎರಡೂ ಮುಂಗಾಲು ಮಡಚಿ ಮಂಡಿಯೂರ್ತು. ಅಷ್ಟಕ್ಕೇ ನಿಂತಿದ್ರೂ ಆಗ್ತಿತ್ತು. ಆ ಮುದುಕಿಗೆ ಆರು ತಿಂಗಳ ಅಭ್ಯಾಸ ನೋಡು, ಅದರ ಹಣೆ ಮೇಲೆ ಕೈ ಇಟ್ಟು ಸಭೆಗೆಲ್ಲ ಕೇಳೋ ಹಾಗೆ ಹೇಳಿಬಿಟ್ಲು.

"ಮೆಚ್ಚಿದೆವು, ಏಳು."

ಸೂಜಿ ಬಿದ್ದಿದ್ರೆ ಫಿರಂಗಿ ಹಾರಿದ ಹಾಗೆ ಕೇಳಿಸ್ತಿತ್ತಂತೆ. ಮಲ್ಲಜ್ಜಿ ತಾನಾಡಿದ ಮಾತು ತನ್ನ ಕಿವಿಗೇ ಬಿದ್ದು ಕೈಲಿ ಬಾಯಿ ಮುಚ್ಕೊಂಡ್ಲು. ಪಕ್ಕದ ಕೋಟೆಯ ಪಾಳೇಗಾರ ಒಬ್ಬ, ಹೌದಾ ಕಾಟಪ್ಪ, ಹಾಗಾದ್ರೆ ನಾವಿನ್ನು ಕಾಣಿಕೆ ಆ ಅಜ್ಜಿಗೆ ಒಪ್ಪಿಸೋದಾ ಅಂತ ಕೇಳಿದ. ನಾಯಕ ಎದ್ದ ರಭಸಕ್ಕೆ ನಿಂಬೆಹಣ್ಣೆರಡೂ ಉರುಳಿಹೋದ್ವು. ತನ್ನ ಹಾಗೆ ಮೆಚ್ಚಿದೆವು ಅಂದ ಈ ಮುದುಕಿ ಯಾರು ಅಂತಾನೂ ಕೇಳಲಿಲ್ಲ, ಬಟ್ಟೆ ತನ್ನಿ, ಕಟ್ಟಿ ಅದರ ಕಣ್ಣು, ಈಗಲೇ ಹೂಡಿ ಗಾಣಕ್ಕೆ ಅಂದ. ಆಳುಗಳು ಬಟ್ಟೆ ತಂದೇಬಿಟ್ರು. ಕುದುರೆ ಏನೂ ತಿಳಿಯದೆ ಮಲ್ಲಜ್ಜಿ ಕೈಲಿ ಹುರುಳಿ ಹುಡುಕ್ತಾ ಇತ್ತು.

ಕೆಂಚವ್ವ ಕೆಳಗಿಳಿದು ಕುದುರೆಗೆ ಅಡ್ಡ ನಿಂತ್ಲು. ನಾಯಕನ್ನ ನೆಟ್ಟಗೆ ನೋಡಿ ಹೇಳಿದ್ಲು.

"ತಪ್ಪು ನಂದು ದೊರೆ. ನಿಮ್ಮ ಹಾಗೆ ಕೂರೋಕೆ ಊರಲ್ಲಿ ಯಾರಿಗೂ ಧೈರ್ಯ ಬರಲಿಲ್ಲ, ಇವಳೊಬ್ಬಳು ಕೂತ್ಲು. ಕುದುರೆಗೆ ದೊರೆ ಅಂದ್ರೆ ಇವಳೇ. ಆರು ತಿಂಗಳಲ್ಲಿ ನೀವು ಒಂದು ದಿನ ಲಾಯಕ್ಕೆ ಬಂದಿದ್ರೆ ನಿಮ್ಮ ಮುಖ ಅದಕ್ಕೆ ಗೊತ್ತಿರ್ತಿತ್ತು. ನಲವತ್ತು ದಿನ ಬನ್ನಿ. ಆಗಲೂ ಮಂಡಿಯೂರಲಿಲ್ಲ ಅಂದ್ರೆ ಅದರ ಜೊತೆ ನನ್ನನ್ನೂ ಗಾಣಕ್ಕೆ ಹೂಡಿ."

ನಾಯಕನ ಮುಖ ಕೆಂಡ. ಆದ್ರೆ ಅಷ್ಟು ಜನ ಪಾಳೇಗಾರರು ನೋಡ್ತಿದ್ದಾರೆ, ಒಬ್ಬ ಮುದುಕಿ ಮಾಡಿದ ಕೆಲಸ ನಂಗಾಗಲ್ಲ ಅಂತ ಹೇಳೋದು ಹೇಗೆ? ಆಗಲಿ ಅಂದ.

ಮೊದಲ ದಿನ ಛತ್ರಿ ಹಿಡಿಸ್ಕೊಂಡು ಬಂದ, ಕುದುರೆ ಛತ್ರಿಯ ಕುಚ್ಚು ತಿಂತು. ಆಮೇಲೆ ಒಬ್ಬನೇ ಅತ್ತರು ಬಳ್ಕೊಂಡು ಬಂದ, ಅದು ಸೀನಿ ಸೀನಿ ಅವನ ಮೀಸೆ ಒಂದು ಕಡೆಗೆ ಬಾಗಿಸ್ತು. ಆಮೇಲೆ ಕಂಬಳಿ ಹೊದ್ದು ಬರೋಕೆ ಶುರು ಮಾಡಿದ. ಹೀಗೆ ಬಾ, ಹಾಗೆ ನಿಲ್ಲು, ಹಿಂಗಾಲ ಹತ್ರ ಹೋಗ್ಬೇಡ ದೊರೆ ಅಂತ ಮಲ್ಲಜ್ಜಿ ಗದರಿಸೋಳು, ಅವನು ಹೂಂ ಅನ್ನೋನು. ಲದ್ದಿ ಬಾಚಿದ, ಹುರುಳಿ ಹೊತ್ತ, ಮೈ ಉಜ್ಜಿದ. ಕುದುರೆ ಅವನ ಕೈಲಿ ತಿಂತಿತ್ತು, ಆದ್ರೆ ಮಂಡಿ ಮಾತ್ರ ಮಡಚಲಿಲ್ಲ. ಮೂವತ್ತೊಂಬತ್ತು ದಿನ ಆಯ್ತು. ಕೆಂಚವ್ವನಿಗೆ ಊಟ ಸೇರಲಿಲ್ಲ.

ನಲವತ್ತನೇ ದಿನ ಊರೆಲ್ಲ ಲಾಯದ ಮುಂದೆ ಸೇರ್ತು. ಗಾಣದೋನು ನೊಗ ತಂದು ನಿಲ್ಲಿಸಿದ್ದ. ನಾಯಕ ಗಾದಿ ಕಡೆಗೆ ಹೋಗೋನು ಅರ್ಧ ದಾರೀಲಿ ನಿಂತ. ಕುದುರೆ ಬಲ ಮುಂಗಾಲು ಊರ್ತಾ ಇಲ್ಲ ಅಂತ ಅವನ ಕಣ್ಣಿಗೆ ಬಿತ್ತು, ಕೆಂಚವ್ವನಿಗಿಂತ ಮೊದಲು ಬಿತ್ತು. ಗಾದಿ ಮರೆತ, ಜನ ಮರೆತ. ಲದ್ದೀಲಿ ಮಂಡಿಯೂರಿ ಕೂತು ಗೊರಸನ್ನ ತೊಡೆ ಮೇಲಿಟ್ಕೊಂಡು ಸಂದೀಲಿ ನೆಟ್ಟಿದ್ದ ಜಾಲಿ ಮುಳ್ಳನ್ನ ಹಲ್ಲಿಂದ ಕಚ್ಚಿ ಕಿತ್ತ. ದೊರೆ ಕುದುರೆ ಮುಂದೆ ಮಂಡಿಯೂರಿದ್ದು ನೋಡಿ ಊರಿಗೆ ಊರೇ ಕಲ್ಲಾಗಿ ನಿಂತಿತು. ಅವನು ಕಾಲು ಇಳಿಸಿ ಏಳೋಕೆ ಮುಂಚೆ ಕುದುರೆ ಆ ಕಾಲನ್ನೇ ಮಡಚ್ತು. ಆಮೇಲೆ ಇನ್ನೊಂದು ಮಡಚ್ತು. ತಲೆ ತಂದು ಅವನ ಹೆಗಲ ಮೇಲಿಟ್ಟು ಕಣ್ಣು ಮುಚ್ಚಿಕೊಂಡ್ತು.

ಈಗ ಮೆಚ್ಚಿದೆವು ಅಂತಾನೆ ಅಂತ ಎಲ್ಲರೂ ಕಾದ್ರು. ನಾಯಕ ಬಾಯಿಂದ ಮುಳ್ಳು ಉಗಿದು, ಹೆಗಲ ಮೇಲಿನ ಭಾರ ಅಲುಗದ ಹಾಗೆ ಕತ್ತು ಮಾತ್ರ ತಿರುಗಿಸಿ ಕೇಳಿದ್ನಂತೆ.

"ನಾಳೆ ಎಷ್ಟೊತ್ತಿಗೆ ಬರಲಿ ಕೆಂಚವ್ವಾ?"

ಕೋಳಿ ಕೂಗೋ ಮುಂಚೆ ಬನ್ನಿ, ತಡ ಮಾಡಿದ್ರೆ ಅದು ಮುನಿಸ್ಕೊಳ್ಳುತ್ತೆ ಅಂದ್ಲು ಕೆಂಚವ್ವ. ಗಾಣದೋನು ನೊಗ ಹೊತ್ಕೊಂಡು ಮನೆಗೆ ಹೋದ, ಅವರೆಲ್ಲ ಸುಖವಾಗಿದ್ರು, ಕತೇನೂ ಅಲ್ಲೇ ಲಾಯದಲ್ಲಿ ಮುಗೀತು. ಪುಟ್ಟಿ, ಹೂಂ ಅನ್ನೇ. ಮಲಗಿಬಿಟ್ಟಿದ್ದಾಳೆ.