ರಾವಣನ ಗೆರೆ

"ಬುದ್ಧಿ, ಮಠದ ಓಲೆಗರಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಇನ್ನು ಬೀಗ ಹಾಕಿಡಲೋ, ಲೋಕಕ್ಕೆ ತೆರೆದುಬಿಡಲೋ?" ಎಂದು ಕೇಳಿದ ಮುರಿಗೆಯ್ಯ. ಎರಡು ವರ್ಷ ಕೂತು ಒಂದೊಂದೇ ಗರಿಯ ಚಿತ್ರ ತೆಗೆದ ಶಿಷ್ಯ ಅವನು. "ತೆರೆದರೆ ಕಂಡಕಂಡವರು ಒಯ್ದು ಬೇಕಾದಂತೆ ಬಳಸುತ್ತಾರೆ. ತಿದ್ದುತ್ತಾರೆ, ಕೆಡಿಸುತ್ತಾರೆ."

ಗುರುಗಳು ಹೇಳಿದರು:

ಒಬ್ಬ ತೊಗಲುಗೊಂಬೆಯಾಟದವನಿದ್ದ. ಅವರಲ್ಲಿ ಒಂದು ಕಟ್ಟಳೆ. ಗೊಂಬೆ ಹಳತಾಗಿ ಹರಿದರೆ ಅದರ ಮೇಲೆ ಹೊಸ ತೊಗಲು ಹಾಸಿ, ಕೆಳಗೆ ಕಾಣುವ ರೂಪದ ಗೆರೆ ತೆಗೆಯಬೇಕು. ಹೊಸದು ಸಿದ್ಧವಾದ ಮೇಲೆ ಹಳೆಯದನ್ನು ಹೊಳೆಗೆ ಬಿಡಬೇಕು. ಅಪ್ಪ ತೀರಿಕೊಂಡಾಗ ಇವನಿಗೆ ದುಃಖದಲ್ಲಿ ಮಂಕು ಕವಿಯಿತು. ಗೆರೆ ತೆಗೆಯದೆಯೇ ಹರಿದ ರಾವಣನನ್ನು ಹೊಳೆಗೆ ಬಿಟ್ಟ. ರಾವಣನಿಲ್ಲದೆ ರಾಮಾಯಣವೆಲ್ಲಿ ಬಂತು? ಆಟ ನಿಂತಿತು. ಮೇಳದವರು ಗಂಟುಮೂಟೆ ಕಟ್ಟತೊಡಗಿದರು.

ಅಪ್ಪನೇ ಕೊರೆದ ಇನ್ನೊಬ್ಬ ರಾವಣ ಒಬ್ಬ ಸಾಹುಕಾರನ ಗೋಡೆಯ ಮೇಲೆ, ಗಾಜಿನ ಹಿಂದೆ ಇದ್ದ. ಇವನು ಹೊಸ ತೊಗಲು ಸುತ್ತಿಕೊಂಡು ಹೋದ. ಸಾಹುಕಾರ ಬಾಗಿಲಲ್ಲೇ ತಡೆದ. ಇವನು ಮರುದಿನ ಮತ್ತೆ ಹೋದ. ಹನ್ನೊಂದು ದಿನ ಹೋದ. ಆ ಮನೆಯ ನಾಯಿಗೂ ಗುರುತು ಹತ್ತಿ ಬೊಗಳುವುದನ್ನು ಬಿಟ್ಟಿತು.

ಹನ್ನೆರಡನೆಯ ದಿನ ಸಾಹುಕಾರ ರೇಗಿದ. "ನೋಡೋದಿದ್ರೆ ನೋಡು, ಕೈಮುಗಿದು ಹೋಗು. ಗೆರೆ ಮಾತ್ರ ತೆಗೀಬೇಡ. ನಿನ್ನ ಕೈಯಲ್ಲಿ ಮೂಗು ಸೊಟ್ಟಗಾದ್ರೆ ರಾವಣನ ಮರ್ಯಾದೆ ಏನಾಗಬೇಕು?"

"ಸೊಟ್ಟ ಮೂಗಿನವನಾದ್ರೂ ಸೀತಮ್ಮನ್ನ ಹೊತ್ಕೊಂಡು ಹೋಗ್ತಾನೆ, ಧಣಿ. ನಿಮ್ಮವನು ನೆಟ್ಟಗಿನ ಮೂಗಿಟ್ಕೊಂಡು ಗೋಡೆ ಮೇಲೆ ಹಲ್ಲಿ ಕಾಯ್ತಾ ಇದ್ದಾನೆ."

ಸಾಹುಕಾರನಿಗೆ ನಗು ತಡೆಯಲಾಗಲಿಲ್ಲ. ಗಾಜು ತೆಗೆಸಿದ.

ಆಟದವನು ಗೊಂಬೆಯನ್ನು ಬಿಸಿಲಿಗೆ ಹಿಡಿದ. ಅಜ್ಜ ಕೊರೆದ ರಾವಣನ ಮೇಲೆ ಹಾಸಿ ಅಪ್ಪ ತೆಗೆದಿದ್ದ ಗೆರೆ ಮೂಗಿನ ಒಳಗೆ ಸಣ್ಣಗೆ ಉಳಿದಿತ್ತು. ಅಪ್ಪ ಅದನ್ನು ದಾಟಿ, ಮೂಗನ್ನು ಕೊಂಚ ಉದ್ದಕ್ಕೇ ಕೊರೆದಿದ್ದ. ಮಗ ಬೆರಳಿಟ್ಟು ತೋರಿಸಿದ. ಸಾಹುಕಾರ ಬಗ್ಗಿ ನೋಡಿದ, ತೊಗಲು ಸರಿಯದಂತೆ ಒಂದು ತುದಿಯನ್ನು ತಾನೇ ಒತ್ತಿ ಹಿಡಿದ.

ತಿಂಗಳೊಳಗೆ ಪರದೆಯ ಮೇಲೆ ರಾವಣ ಗರ್ಜಿಸಿದ. ಸಾಹುಕಾರ ಎಲ್ಲರಿಗಿಂತ ಮುಂದೆ ಕೂತಿದ್ದ.

ಮುರಿಗೆಯ್ಯ ಬಿಡಲಿಲ್ಲ. "ಗೊಂಬೆಯ ಮಾತು ಬೇರೆ, ಬುದ್ಧಿ. ನಮ್ಮವು ಮೂಲ ಓಲೆಗಳು."

ಗುರುಗಳು ಎದ್ದು ನಿಂತರು.

"ಇನ್ನೊಂದನ್ನು ನೋಡಿ ಬರೆಯದ ಓಲೆ ನಮ್ಮಲ್ಲಿ ಒಂದಾದರೂ ಇದ್ದರೆ ತಾ, ಅದಕ್ಕೆ ಬೀಗ ಹಾಕೋಣ."